ಕಡಲ ಪಕ್ಕದ ಊರಿನಲ್ಲಿ ದೊಡ್ಡ ಅಳತೆಯ ಫೋಟೊ ಪ್ರಿಂಟರ್: ಮಳೆಗಾಲದ ನಾಲ್ಕು ತಿಂಗಳು ಅದನ್ನು ಕಾಯುವುದು ಹೇಗೆ?

ಪ್ರಶ್ನೆ: ಕಾರವಾರದ ಸ್ಟುಡಿಯೊದವ

ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ಸಮುದ್ರದಿಂದ ಅರ್ಧ ಕಿಲೋಮೀಟರಿನೊಳಗೆ, ತಂದೆಯವರ ಕಾಲದಿಂದ ನಡೆದುಬಂದ ಸಣ್ಣ ಫೋಟೊ ಸ್ಟುಡಿಯೊ ನನ್ನದು. ಪಾಸ್‌ಪೋರ್ಟ್ ಅಳತೆಯ ಚಿತ್ರಗಳನ್ನು ಅಂಗಡಿಯಲ್ಲೇ ಮುದ್ರಿಸುತ್ತೇನೆ. ಮದುವೆಯ ಆಲ್ಬಮ್‌ಗಳು ಹುಬ್ಬಳ್ಳಿಯ ಲ್ಯಾಬಿಗೆ ಹೋಗಿ ಬಸ್ಸಿನಲ್ಲಿ ಮರಳಿ ಬರುತ್ತವೆ. ಈಚಿನ ಎರಡು ವರ್ಷಗಳಲ್ಲಿ ಗೋಕರ್ಣ ಮತ್ತು ದಾಂಡೇಲಿ ಕಡೆಯ ಕೆಲವು ಹೋಮ್‌ಸ್ಟೇಗಳವರು ಗೋಡೆಗೆ ಹಾಕಲು ದೊಡ್ಡ ಚಿತ್ರಗಳನ್ನು ಕೇಳತೊಡಗಿದ್ದಾರೆ. ಕಾಳಿ ನದಿ ಕಡಲು ಸೇರುವ ಜಾಗ, ಯಾಣದ ಬಂಡೆಗಳು, ಬಡಗುತಿಟ್ಟಿನ ಯಕ್ಷಗಾನ ವೇಷಗಳು, ಇವೆಲ್ಲ ನಾನು ಹಲವು ವರ್ಷಗಳಿಂದ ತೆಗೆದಿಟ್ಟ ಚಿತ್ರಗಳೇ ಆಗಿರುವುದರಿಂದ ಕೆಲಸ ಒಪ್ಪಿಕೊಂಡೆ. ಮುದ್ರಣದಲ್ಲಿ ಮಾತ್ರ ಎರಡು ಸಲ ಪೆಟ್ಟು ತಿಂದೆ.

ಮೊದಲ ಸಲ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕ್ಯಾನ್ವಾಸಿನ ಮೇಲೆ ಮುದ್ರಿಸಿದೆ. ಸಂಜೆಯ ಆಕಾಶ ಮೆಟ್ಟಿಲು ಮೆಟ್ಟಿಲಾಗಿ ಒಡೆದುಕೊಂಡಿತ್ತು, ಕಿರೀಟದ ಕೆಂಪು ಒಂದೇ ಸಮನೆ ಬಳಿದ ಡಿಸ್ಟೆಂಪರಿನಂತೆ ಕಾಣುತ್ತಿತ್ತು. ಎರಡನೆಯ ಸಲ ದೂರದ ನಗರದ ಒಂದು ಲ್ಯಾಬಿನಿಂದ ಹತ್ತಿಯ ಕಾಗದದ ಮೇಲೆ ತರಿಸಿದೆ. ಮುದ್ರಣ ಅಚ್ಚುಕಟ್ಟಾಗಿತ್ತು, ಆದರೆ ಜುಲೈ ತಿಂಗಳಲ್ಲಿ ಕೊಳವೆಯಲ್ಲಿ ಸುತ್ತಿ ಬಂದ ಕಾಗದ ಬಿಡಿಸಿದ ಎರಡು ದಿನಕ್ಕೇ ಅಂಚಿನಲ್ಲಿ ಅಲೆ ಎದ್ದು, ಕಟ್ಟು ಹಾಕುವವರು ಕೈಚೆಲ್ಲಿದರು.

ಆದ್ದರಿಂದ ಸ್ವಂತ ಯಂತ್ರ ಕೊಳ್ಳುವ ಯೋಚನೆಯಲ್ಲಿದ್ದೇನೆ. ಎಪ್ಸನ್ ಎಸ್‌ಸಿ-ಪಿ9530 ಮತ್ತು ಕ್ಯಾನನ್ ಪ್ರೊ-541, ಎರಡೂ 44 ಇಂಚಿನವು, ಇವುಗಳ ದರಪಟ್ಟಿ ತರಿಸಿದ್ದೇನೆ. ಕೊಳ್ಳುವುದಾದರೆ ದೊಡ್ಡದನ್ನೇ ಕೊಳ್ಳು ಎಂದು ಮಾರಾಟಗಾರರು ಹೇಳುತ್ತಾರೆ. ನನ್ನ ಭಯ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಕಪಾಟಿನೊಳಗಿನ ಚರ್ಮದ ಬೆಲ್ಟಿಗೂ ಬೂಷ್ಟು ಬರುತ್ತದೆ. ಅಂಥ ಗಾಳಿಯಲ್ಲಿ ಈ ಯಂತ್ರ ಬದುಕುತ್ತದೆಯೇ? ಕೆಲಸವಿಲ್ಲದ ಆ ತಿಂಗಳುಗಳಲ್ಲಿ ಅದನ್ನು ಬಂದ್ ಮಾಡಿ, ಚೆನ್ನಾಗಿ ಮುಚ್ಚಿ ಇಡಬಹುದೇ? ಈ ಕರಾವಳಿಯಲ್ಲಿ ಅಥವಾ ಘಟ್ಟದ ಮೇಲೆ ನಿಜವಾಗಿ ಇಂಥ ಯಂತ್ರ ನಡೆಸಿದವರು ತಿಳಿಸಬೇಕಾಗಿ ವಿನಂತಿ.

ಉತ್ತರ: ಶಿರಸಿಯ ಮುದ್ರಕ

ನಿಮ್ಮ ಕೊನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ, ಏಕೆಂದರೆ ಅದಕ್ಕೆ ತಪ್ಪು ಉತ್ತರವನ್ನು ನನ್ನ ಹಣದಿಂದಲೇ ಕಂಡುಕೊಂಡವನು ನಾನು. ಬಂದ್ ಮಾಡಿ ಮುಚ್ಚಿಡಲೇಬಾರದು.

ನನ್ನ ಮೊದಲ ಯಂತ್ರ 24 ಇಂಚಿನದು, ಸೆಕೆಂಡ್ ಹ್ಯಾಂಡ್. ಮೊದಲ ಮಳೆಗಾಲದಲ್ಲಿ ಆಷಾಢಕ್ಕೆ ಕೆಲಸ ನಿಂತಾಗ, ಮನೆಯ ಟಿ.ವಿ.ಯನ್ನು ಸಿಡಿಲಿಗೆ ಹೆದರಿ ಬಂದ್ ಮಾಡುವಂತೆ, ಗೋಡೆಯ ಸ್ವಿಚ್ಚು ತೆಗೆದು ಅಡಕೆ ಒಣಗಿಸುವ ಪ್ಲಾಸ್ಟಿಕ್ ತಾಡಪಾಲು ಹೊದಿಸಿ ಬಿಟ್ಟೆ. ಚೌತಿ ಮುಗಿಸಿ ತೆರೆದಾಗ ತಾಡಪಾಲಿನ ಒಳಮೈ ಬೆವೆತಿತ್ತು. ನಾಝಲ್‌ಗಳ, ಅಂದರೆ ಮುದ್ರಿಸುವ ಹೆಡ್ಡಿನಲ್ಲಿ ಇಂಕ್ ಚಿಮ್ಮುವ ಸಣ್ಣ ತೂತುಗಳ, ಪರೀಕ್ಷೆಯ ಹಾಳೆಯಲ್ಲಿ ತಿಳಿ ಬೂದು ಬಣ್ಣದ ಪಟ್ಟಿ ಪೂರ್ತಿ ಕಾಣೆಯಾಗಿತ್ತು, ಹಳದಿಯದು ಅರ್ಧ. ಏಳು ಸಲ ಕ್ಲೀನಿಂಗ್ ಓಡಿಸಿದೆ, ಅದಕ್ಕೇ ಕಾಲು ಕಾರ್ಟ್ರಿಜ್ ಇಂಕ್ ಹೋಯಿತು. ಕೊನೆಗೆ ಹೆಡ್ಡನ್ನೇ ಬದಲಿಸಬೇಕಾಯಿತು. ಸುತ್ತಲೂ ನೀರೇ ತುಂಬಿದ ಗಾಳಿಯಲ್ಲಿ ಇಂಕ್ ಒಣಗಿದ್ದು ಹೇಗೆ ಎಂದು ಆಗ ಬೆರಗಾಗಿದ್ದೆ. ಪಿಗ್ಮೆಂಟ್ ಇಂಕ್ ಎಂದರೆ ದ್ರವದಲ್ಲಿ ತೇಲುವ ಬಣ್ಣದ ಪುಡಿ. ಎರಡು ತಿಂಗಳು ಅಲುಗಾಡದೆ ನಿಂತರೆ ಅದು ಕೆಳಗಿಳಿಯುತ್ತದೆ, ಹೆಡ್ಡಿನ ಬಾಯಿಗಳಲ್ಲಿ ಗಟ್ಟಿಯಾಗುತ್ತದೆ. ವಿದ್ಯುತ್ತು ಹರಿಯುತ್ತಿದ್ದರೆ ಯಂತ್ರ ತಾನೇ ಆಗಾಗ ಎಚ್ಚರಗೊಂಡು ಹೆಡ್ಡನ್ನು ತೊಳೆದುಕೊಳ್ಳುತ್ತದೆ, ಕೆಲವು ಮಾದರಿಗಳು ಇಂಕನ್ನು ಕಲಕಿಕೊಳ್ಳುತ್ತವೆ. ನಾನು ಆ ಎಚ್ಚರವನ್ನೇ ಕಿತ್ತು ಹಾಕಿದ್ದೆ. ಈಗಿನ ಯಂತ್ರ ವರ್ಷವಿಡೀ ಸ್ಟ್ಯಾಂಡ್‌ಬೈನಲ್ಲಿರುತ್ತದೆ. ವಾರಕ್ಕೊಮ್ಮೆಯಾದರೂ ಎಲ್ಲ ಬಣ್ಣಗಳೂ ಬರುವ ಎ4 ಅಳತೆಯ ಒಂದು ಚಿತ್ರವನ್ನು ಮುದ್ರಿಸುತ್ತೇನೆ.

ಇನ್ನು ಗಾಳಿ. ಯಂತ್ರದ ಕೈಪಿಡಿಗಳು ತೇವಾಂಶ ಶೇಕಡಾ 80ರ ತನಕ ಇರಬಹುದೆಂದು ಬರೆದಿರುತ್ತವೆ, ಆದರೆ ಕಾಗದ ಆ ಮಾತನ್ನು ಕೇಳುವುದಿಲ್ಲ. ಕಾಗದಕ್ಕೆ ಬೇಕಾದದ್ದು 40ರಿಂದ 60. ಒಂದು ಜುಲೈ ರಾತ್ರಿ 308 ಜಿ.ಎಸ್.ಎಂ. (ಚದರ ಮೀಟರಿಗೆ ಗ್ರಾಂ) ತೂಕದ ಹತ್ತಿಯ ಕಾಗದದ ರೋಲನ್ನು ಯಂತ್ರದಲ್ಲೇ ಬಿಟ್ಟು ಮನೆಗೆ ಹೋಗಿದ್ದೆ. ಬೆಳಿಗ್ಗೆ ಹೊರಗೆ ಇಣುಕಿದ್ದ ಒಂದು ಗೇಣು ಕಾಗದ, ಎಣ್ಣೆಗೆ ಬಿದ್ದ ಹಲಸಿನ ಹಪ್ಪಳದ ಅಂಚಿನಂತೆ ಏರಿಳಿದು ನಿಂತಿತ್ತು. ಅದನ್ನು ಕತ್ತರಿಸಿ ತೆಗೆಯುವ ಬದಲು ಉಳಿತಾಯದ ಬುದ್ಧಿಯಿಂದ ಅದರ ಮೇಲೆಯೇ ಮುದ್ರಣ ಕೊಟ್ಟೆ. ಎಡ ಮೂಲೆಯಲ್ಲಿ ಎದ್ದ ಅಲೆಗೆ ಹೆಡ್ ಬಡಿದು, ಚಿತ್ರದುದ್ದಕ್ಕೂ ಕಾಡಿಗೆಯ ಬೆರಳು ಎಳೆದಂಥ ಗೆರೆ ಬಿದ್ದಿತು. ಕಾಗದ ಹೋದದ್ದಿರಲಿ, ಹೆಡ್ಡಿನ ಮುಖಕ್ಕೆ ಹತ್ತಿಯ ನಾರು ಅಂಟಿಕೊಂಡು ಮುಂದಿನ ಮೂರು ದಿನ ಕಾಡಿತು.

ನೀವು ಮೊದಲು ಕೊಳ್ಳಬೇಕಾದದ್ದು ಪ್ರಿಂಟರಲ್ಲ, ಕೋಣೆ. ಹತ್ತು ಅಡಿಗೆ ಹನ್ನೆರಡು ಅಡಿಯ ಒಂದು ಕೋಣೆ ಸಾಕು, ಆದರೆ ಅದು ಹಂಚಿನ ಮಾಡಿನ ಕೆಳಗೆ ತೆರೆದುಕೊಂಡಿರಬಾರದು. ಮೇಲೆ ಸೀಲಿಂಗ್ ಹಾಕಿಸಿ, ಕಿಟಕಿಯ ಸಂದುಗಳಿಗೆ ರಬ್ಬರ್ ಪಟ್ಟಿ ಅಂಟಿಸಿ, ಒಳಗೊಂದು ಹೈಗ್ರೋಮೀಟರ್ (ಗಾಳಿಯ ತೇವ ಅಳೆಯುವ ಮಾಪಕ) ತೂಗುಹಾಕಿ. ಎ.ಸಿ. ಒಂದೇ ಸಾಲದು, ಕೋಣೆ ತಣ್ಣಗಾದ ಕೂಡಲೇ ಅದು ವಿಶ್ರಾಂತಿಗೆ ಹೋಗುತ್ತದೆ, ತೇವ ಮತ್ತೆ ಏರುತ್ತದೆ. ನಾನು ಗಾಳಿಯ ತೇವ ಹೀರುವ ಒಂದು ಡಿಹ್ಯುಮಿಡಿಫೈಯರ್ ಇಟ್ಟಿದ್ದೇನೆ. ಜುಲೈನಲ್ಲಿ ದಿನಕ್ಕೆ ಎರಡು ಸಲ ಅದರ ಬಕೀಟು ಖಾಲಿ ಮಾಡುತ್ತೇನೆ, ಆ ನೀರು ಇಲ್ಲದಿದ್ದರೆ ಎಲ್ಲಿರುತ್ತಿತ್ತು ಎಂದು ಪ್ರತಿ ಸಲವೂ ಯೋಚಿಸುತ್ತೇನೆ. ಒಂದು ಎಚ್ಚರಿಕೆ: ಹಗಲು ಎ.ಸಿ. ಹಾಕಿ ರಾತ್ರಿ ತೆಗೆಯುವ ಕ್ರಮ ಎಲ್ಲಕ್ಕಿಂತ ಕೆಟ್ಟದ್ದು. ಕಾಗದ ದಿನಕ್ಕೊಂದು ಸಲ ಹಿಗ್ಗಿ ಕುಗ್ಗುತ್ತದೆ, ತಣ್ಣಗಾದ ಲೋಹದ ಮೇಲೆ ಹೊರಗಿನ ಗಾಳಿ ಹನಿಗಟ್ಟುತ್ತದೆ; ಎ.ಸಿ. ಕಾರಿನಿಂದ ಇಳಿದ ಕೂಡಲೇ ನಿಮ್ಮ ಲೆನ್ಸು ಮಂಜಾಗುವುದನ್ನು ನೆನೆಸಿಕೊಳ್ಳಿ. ಅತಿ ಒಣಗಿಸುವುದೂ ಬೇಡ. 40ಕ್ಕಿಂತ ಕೆಳಗಿಳಿದರೆ ಹೆಡ್ ಬೇಗ ಕಟ್ಟಿಕೊಳ್ಳುತ್ತದೆ. ಆದರೆ ಕಾರವಾರದಲ್ಲಿ ಆ ಕಷ್ಟ ನಿಮಗೆ ಬರಲಾರದು.

44 ಇಂಚಿನ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ: 24 ಇಂಚಿನದನ್ನು ಕೊಳ್ಳಿ. ನಿಮ್ಮ ಕ್ಯಾಮೆರಾ 24 ಮೆಗಾಪಿಕ್ಸೆಲಿನದೆಂದು ಇಟ್ಟುಕೊಂಡರೆ ಚಿತ್ರ 6000ಕ್ಕೆ 4000 ಚುಕ್ಕಿಗಳದು. 24ಕ್ಕೆ 36 ಇಂಚಿನಲ್ಲಿ ಅದು ಇಂಚಿಗೆ 167 ಚುಕ್ಕಿಯಾಗುತ್ತದೆ, ನಾಲ್ಕು ಅಡಿ ದೂರದಿಂದ ಯಾರೂ ಕೊರತೆ ಕಾಣಲಾರರು. ಅದನ್ನೇ 44ಕ್ಕೆ 66 ಇಂಚಿಗೆ ಹಿಗ್ಗಿಸಿದರೆ ಇಂಚಿಗೆ 91 ಚುಕ್ಕಿ ಉಳಿಯುತ್ತದೆ. ಬೆಳಗಿನ ಕಡಲಿಗೆ ಅಡ್ಡಿಯಿಲ್ಲ, ವೇಷಧಾರಿಯ ಕಣ್ಣಿನ ಸುತ್ತಲಿನ ಗೆರೆಗಳಿಗೆ ಸಾಲದು. ಅದಕ್ಕಿಂತ ಮುಖ್ಯವಾಗಿ, ಹನ್ನೊಂದೋ ಹನ್ನೆರಡೋ ಕಾರ್ಟ್ರಿಜ್‌ಗಳನ್ನು ಏಕಕಾಲಕ್ಕೆ ತುಂಬಿಟ್ಟುಕೊಳ್ಳಬೇಕು. ಒಮ್ಮೆ ಹಾಕಿದ ಕಾರ್ಟ್ರಿಜನ್ನು ಆರು ತಿಂಗಳೊಳಗೆ ಮುಗಿಸಿ ಎಂಬುದು ತಯಾರಕರ ಸಲಹೆ. ನನ್ನ ಯಂತ್ರದ ಲೆಕ್ಕದಲ್ಲಿ ಚದರ ಅಡಿಗೆ ಎಲ್ಲ ಬಣ್ಣ ಸೇರಿ 1ರಿಂದ 1.5 ಮಿಲಿಲೀಟರ್ ಇಂಕ್ ಹೋಗುತ್ತದೆ. ನಿಮ್ಮ ತಿಂಗಳ ಕೆಲಸ ಎಷ್ಟು ಚದರ ಅಡಿ ಎಂದು ನೀವೇ ಗುಣಿಸಿ ನೋಡಿ. ಸಣ್ಣ ಅಳತೆಯ ಕಾರ್ಟ್ರಿಜ್ ಮಿಲಿಲೀಟರಿನ ಲೆಕ್ಕದಲ್ಲಿ ದುಬಾರಿಯೆನಿಸಿದರೂ ಹಳಸುವ ಮೊದಲು ಮುಗಿಯುತ್ತದೆ.

ಕಂಪನಿ ಯಾವುದು ಎಂಬುದರ ಬಗ್ಗೆ ನಾನು ಜಗಳಕ್ಕೆ ಇಳಿಯುವುದಿಲ್ಲ. ವ್ಯತ್ಯಾಸ ಇಷ್ಟು. ಎಪ್ಸನ್ನಿನ ಹೆಡ್ ಪೀಜೋ ತಂತ್ರದ್ದು, ವಿದ್ಯುತ್ತಿಗೆ ಬಾಗುವ ಹರಳು ಹನಿಯನ್ನು ಹೊರತಳ್ಳುತ್ತದೆ. ಯಂತ್ರದಷ್ಟೇ ಕಾಲ ಬಾಳಲಿ ಎಂದು ಅದನ್ನು ಮಾಡಿರುತ್ತಾರೆ, ಬದಲಿಸಬೇಕಾದರೆ ಎಂಜಿನಿಯರ್ ಬರಬೇಕು. ಕ್ಯಾನನ್ನಿನದು ಕಾಯಿಸುವ ತಂತ್ರ, ಇಂಕಿನಲ್ಲಿ ಗುಳ್ಳೆ ಎಬ್ಬಿಸಿ ಹನಿಯನ್ನು ಸಿಡಿಸುತ್ತದೆ. ಹೆಡ್ ಸವೆಯುವ ವಸ್ತುವೆಂದೇ ಲೆಕ್ಕ, ಬಳಸುವವರೇ ಬದಲಿಸಬಹುದು. ಪ್ರತಿ ಬಣ್ಣಕ್ಕೆ 1,536 ನಾಝಲ್‌ಗಳಿದ್ದು ಒಂದು ಕಟ್ಟಿಕೊಂಡರೆ ಬೇರೊಂದು ಅದರ ಕೆಲಸ ಹೊರುತ್ತದೆ. ಎಪ್ಸನ್ನಿನ ಈ ಸಾಲಿನಲ್ಲಿ ಕಿತ್ತಳೆ, ಹಸಿರು, ನೇರಳೆ ಇಂಕ್‌ಗಳು ಪ್ರತ್ಯೇಕವಾಗಿವೆ, ಕ್ಯಾನನ್ನಿನಲ್ಲಿ ಕೆಂಪು ಮತ್ತು ನೀಲಿ. ಯಕ್ಷಗಾನದ ಬಣ್ಣಗಳಿಗೆ ಎರಡೂ ಸಾಲುತ್ತವೆ. ಬೇಗಡೆಯ ಹೊಳಪನ್ನು ಮಾತ್ರ ಯಾವ ಇಂಕೂ ತರಲಾರದು, ಅದನ್ನು ಗಿರಾಕಿಗಳಿಗೆ ಮೊದಲೇ ಹೇಳಿಬಿಡಿ.

ಉತ್ತರ: ಸರ್ವಿಸ್ ಕೆಲಸದವ, ಹುಬ್ಬಳ್ಳಿ

ಶಿರಸಿಯವರು ಹೇಳಿದ್ದಕ್ಕೆ ಮೂರು ಮಾತು ಸೇರಿಸುತ್ತೇನೆ. ನಾನು ಘಟ್ಟ ಇಳಿದು ನಿಮ್ಮ ಕಡೆಗೆ ಬರುವುದು ಹೆಚ್ಚಾಗಿ ಹೆಡ್ಡಿಗಾಗಿ ಅಲ್ಲ, ಎನ್‌ಕೋಡರ್ ಪಟ್ಟಿಗಾಗಿ. ಹೆಡ್ಡನ್ನು ಹೊತ್ತ ಗಾಡಿ ತಾನು ಎಲ್ಲಿದ್ದೇನೆ ಎಂದು ಓದಿಕೊಳ್ಳುವ ಪಾರದರ್ಶಕ ಪಟ್ಟಿ ಅದು, ಯಂತ್ರದ ಅಗಲಕ್ಕೂ ಚಾಚಿರುತ್ತದೆ. ಸಮುದ್ರದ ಗಾಳಿಯಲ್ಲಿ ಅದರ ಮೇಲೆ ಕಣ್ಣಿಗೆ ಕಾಣದ ಉಪ್ಪಿನ ಪೊರೆ ಕೂರುತ್ತದೆ, ಅದಕ್ಕೆ ಇಂಕಿನ ಧೂಳು ಅಂಟುತ್ತದೆ. ಆಗ ಗಾಡಿ ದಾರಿ ತಪ್ಪಿ ಬದಿಗೆ ಬಡಿದು ನಿಲ್ಲುತ್ತದೆ, ಮಾಲೀಕರು ಯಂತ್ರವೇ ಸತ್ತಿತೆಂದು ಫೋನ್ ಮಾಡುತ್ತಾರೆ. ನಾರು ಬಿಡದ ಬಟ್ಟೆಯನ್ನು ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ, ಪಟ್ಟಿಯನ್ನು ಎಳೆಯದೆ ಒಂದೇ ದಿಕ್ಕಿಗೆ ಒರೆಸಿದರೆ ಸಾಕು. ಸ್ಪಿರಿಟ್ ಹಾಕಬೇಡಿ, ಕೆಲವು ಪಟ್ಟಿಗಳ ಗೆರೆಗಳೇ ಅಳಿಸಿಹೋಗುತ್ತವೆ.

ಎರಡನೆಯದು ವಿದ್ಯುತ್ತು. ಮುದ್ರಣದ ನಡುವೆ ಕರೆಂಟ್ ಹೋದರೆ ಹೆಡ್ ತನ್ನ ಮುಚ್ಚಳದ ಮೇಲೆ ಕೂರದೆ ನಡುದಾರಿಯಲ್ಲಿ ಬಾಯಿ ತೆರೆದುಕೊಂಡು ನಿಲ್ಲುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಹೋದ ಕರೆಂಟ್ ಮರುದಿನ ಬಂದರೆ ಅಷ್ಟು ಹೊತ್ತೂ ಅದು ಹಾಗೆಯೇ. ಯು.ಪಿ.ಎಸ್. ಹಾಕಿಸುವುದು ಮುದ್ರಣ ಮುಂದುವರಿಸುವುದಕ್ಕಲ್ಲ. ಕೆಲಸ ರದ್ದು ಮಾಡಿ, ಯಂತ್ರದ ಗುಂಡಿಯಿಂದಲೇ ಬಂದ್ ಮಾಡಿ, ಹೆಡ್ಡನ್ನು ಮನೆಗೆ ಸೇರಿಸುವುದಕ್ಕೆ. ಜೊತೆಗೆ ಅರ್ಥಿಂಗ್ ಅಳೆಸಿ. ಹಳೆಯ ಕಟ್ಟಡಗಳಲ್ಲಿ ಅದು ಹೆಸರಿಗಷ್ಟೇ ಇರುತ್ತದೆ.

ಮೂರನೆಯದಕ್ಕೆ ನಗಬೇಡಿ. ಹಲ್ಲಿ. ಬೆಚ್ಚಗಿನ ಜಾಗ ಹುಡುಕಿಕೊಂಡು ಕಾಗದ ಹೊರಬರುವ ಸಂದಿನಿಂದ ಒಳಹೋಗುತ್ತದೆ. ಕೋಣೆಯ ಸಂದು ಮುಚ್ಚುವಾಗ ಎ.ಸಿ. ಪೈಪಿನ ತೂತನ್ನೂ ಮುಚ್ಚಿಸಿ.

ಉತ್ತರ: ಹೊನ್ನಾವರದ ನಿವೃತ್ತ ಚಿತ್ರಕಲಾ ಶಿಕ್ಷಕಿ

ನಾನು ಯಂತ್ರ ನಡೆಸುವವಳಲ್ಲ, ಯಂತ್ರ ನಡೆಸುವವರಿಗೆ ಚಿತ್ರ ಕೊಟ್ಟು ನಿರಾಶಳಾದವಳು. ನೀವು ನಾಳೆ ನಮ್ಮಂಥ ಚಿತ್ರಗಾರರ ಕೆಲಸವನ್ನೂ ಮುದ್ರಿಸಬಹುದಾದ್ದರಿಂದ ಕಾಗದದ ಬಗ್ಗೆ ಒಂದು ಮಾತು ಬರೆಯುತ್ತೇನೆ.

ನಮ್ಮ ಜಿಲ್ಲೆಯ ಹಾಗೂ ಗೋವೆಯ ಹಳೆಯ ದೇವಸ್ಥಾನಗಳ ಗೋಡೆಗಳಲ್ಲಿರುವ ಕಾವಿ ಕಲೆಯನ್ನು ನೀವು ನೋಡಿರುತ್ತೀರಿ. ಚಿಪ್ಪು ಸುಟ್ಟು ಮಾಡಿದ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಕಾವಿಯನ್ನು ಬಳಿದು, ಹಸಿಯಿರುವಾಗಲೇ ಬೇಡದ ಕಡೆ ಕೆರೆದು ತೆಗೆದು, ಕೆಳಗಿನ ಬಿಳಿಯನ್ನು ಕಾಣಿಸುವ ಕ್ರಮ ಅದು. ಬಣ್ಣ ಒಂದೇ, ಆದ್ದರಿಂದ ಚಿತ್ರದ ಅರ್ಧ ಜೀವ ಆ ಸುಣ್ಣದ ಬಿಳಿಯಲ್ಲಿದೆ. ಆ ರೀತಿಯಲ್ಲಿ ಬರೆದ ನನ್ನ ಒಂದು ಚಿತ್ರವನ್ನು ಒಂದು ಕಡೆ ಮುದ್ರಿಸಿಕೊಟ್ಟಾಗ ಕಾವಿ ಪರವಾಗಿರಲಿಲ್ಲ, ಬಿಳಿ ಮಾತ್ರ ನೀಲಿ ಹಾಕಿ ಒಗೆದ ಪಂಚೆಯಂತೆ ಝಗಮಗಿಸುತ್ತಿತ್ತು. ಮುದ್ರಿಸಿದವರು ಅದನ್ನೇ ಗುಣವೆಂದು ಹೊಗಳಿಕೊಂಡರು. ಆಮೇಲೆ ತಿಳಿದದ್ದೇನೆಂದರೆ, ಕಾಗದಕ್ಕೆ ಬೆಳ್ಳಗಾಗಿಸುವ ರಾಸಾಯನಿಕ ಸೇರಿಸಿದ್ದರು. ಅದು ಬಿಸಿಲಿನ ಅತಿನೇರಳೆ ಬೆಳಕನ್ನು ಹೀರಿ ನೀಲಿಯಾಗಿ ಹೊಳೆಯುತ್ತದೆ, ಕಾಲ ಸರಿದಂತೆ ಆ ಶಕ್ತಿ ಕುಂದಿ ಕಾಗದ ಹಳದಿಗೆ ತಿರುಗುತ್ತದೆ. ಅಂದರೆ ನನ್ನ ಸುಣ್ಣ ಮೊದಲು ನೀಲಿಯಾಗಿ ಕೊನೆಗೆ ಅರಿಶಿನವಾಗಬೇಕು! ಬೆಳಕುಕಾರಕವಿಲ್ಲದ, ತುಸು ಹಾಲುಬಣ್ಣದ ಹತ್ತಿಯ ಕಾಗದದ ಮೇಲೆ ಅದೇ ಚಿತ್ರವನ್ನು ಮತ್ತೊಬ್ಬರು ಮುದ್ರಿಸಿದಾಗ ಗೋಡೆಯೇ ಎದುರಿಗೆ ಬಂದಂತಾಯಿತು.

ಚಿತ್ರವನ್ನು ನಕಲು ಮಾಡಲು ಫೋಟೊ ತೆಗೆಯುವ ಕೆಲಸವನ್ನೂ ಹಗುರವಾಗಿ ಎಣಿಸಬೇಡಿ. ಎರಡು ಕಡೆಯಿಂದ 45 ಡಿಗ್ರಿಯಲ್ಲಿ ಸಮ ಬೆಳಕು, ಚಿತ್ರಕ್ಕೆ ನೇರವಾಗಿ ನಿಂತ ಕ್ಯಾಮೆರಾ, ಮೊದಲ ಫೋಟೊದಲ್ಲಿ 24 ಚೌಕಗಳ ಬಣ್ಣದ ಫಲಕ, ಇಷ್ಟಿಲ್ಲದೆ ತೆಗೆದ ಚಿತ್ರವನ್ನು ಎಷ್ಟು ದುಬಾರಿ ಯಂತ್ರವೂ ಸರಿಪಡಿಸಲಾರದು. ಕೊನೆಯದಾಗಿ, ಮುದ್ರಣವನ್ನು ಅಂಗಡಿಯ ಟ್ಯೂಬ್‌ಲೈಟಿನ ಕೆಳಗಷ್ಟೇ ತೋರಿಸಿ ಒಪ್ಪಿಗೆ ಪಡೆಯಬೇಡಿ. ಅಗ್ಗದ ಎಲ್‌ಇಡಿ ಬೆಳಕಿನಲ್ಲಿ ಕೆಂಪು ಕುಗ್ಗಿ ಕಾವಿ ಕಂದಾಗಿ ಕಾಣುತ್ತದೆ. ಮನೆಗೆ ಒಯ್ದ ಮೇಲೆ ತಗಾದೆ ಏಳುತ್ತದೆ.

ಉತ್ತರ: ಕುಮಟೆಯ ಛಾಯಾಗ್ರಾಹಕ

ಎಲ್ಲರೂ ಯಂತ್ರವನ್ನು ಸಾಕುವ ಬಗೆ ಹೇಳುತ್ತಿದ್ದೀರಿ. ಕೊಳ್ಳಲೇಬೇಕೇ ಎಂದು ಯಾರೂ ಕೇಳಲಿಲ್ಲ. ನನ್ನ ಮಟ್ಟಿಗೆ ಇದು ಆಕಳು ಸಾಕಿದಂತೆ. ಹಾಲು ಕೊಡಲಿ ಬಿಡಲಿ, ದಿನವೂ ಹುಲ್ಲು ಹಾಕಲೇಬೇಕು. ನಾನು ವರ್ಷಕ್ಕೆ ಮೂವತ್ತು ನಲವತ್ತು ದೊಡ್ಡ ಮುದ್ರಣ ಮಾಡಿಸುತ್ತೇನೆ, ಎಲ್ಲವನ್ನೂ ಹೊರಗಿನ ಒಬ್ಬ ಮುದ್ರಕರಿಗೆ ಕೊಡುತ್ತೇನೆ. ಅಂಚಿನ ಅಲೆಯ ತೊಂದರೆ ನನಗೂ ಇತ್ತು. ಪರಿಹಾರ ಸುಲಭ: ಕೊಳವೆಯೊಳಗೆ ಪ್ಲಾಸ್ಟಿಕ್ ಚೀಲ, ಅದರೊಳಗೆ ಸಿಲಿಕಾ ಜೆಲ್, ಹಾಗೆ ಕಳಿಸಿ ಎಂದು ಬರೆಯುತ್ತೇನೆ. ಬಂದ ಮೇಲೆ ಒಣ ಕೋಣೆಯಲ್ಲಿ ಬಿಡಿಸಿ, ಎರಡು ದಿನ ಚಪ್ಪಟೆಯಾಗಿ ಭಾರದ ಕೆಳಗಿಟ್ಟು ಕಟ್ಟು ಹಾಕಿಸುತ್ತೇನೆ.

ಬಣ್ಣ ಕೆಟ್ಟದ್ದಕ್ಕೆ ಫ್ಲೆಕ್ಸ್ ಅಂಗಡಿಯೊಂದನ್ನೇ ದೂರುವುದೂ ಸರಿಯಲ್ಲ. ಆ ಯಂತ್ರಗಳು ಹೆಚ್ಚಾಗಿ ನಾಲ್ಕು ಬಣ್ಣದ ಸಾಲ್ವೆಂಟ್ ಇಂಕಿನವು, ರಸ್ತೆಯ ಆಚೆಯಿಂದ ಓದಬೇಕಾದ ಬ್ಯಾನರಿಗೆಂದು ಹುಟ್ಟಿದವು. ತಿಳಿ ಬೂದು, ತಿಳಿ ನೀಲಿಗಳಿಲ್ಲದೆ ಆಕಾಶ ಮೆಟ್ಟಿಲಾಗದೆ ಇನ್ನೇನಾದೀತು? ಆದರೆ ಹನ್ನೆರಡು ಬಣ್ಣದ ಯಂತ್ರ ತಂದ ಮೇಲೂ ನಿಮ್ಮ ಮಾನಿಟರ್ ಹೊಳಪನ್ನು ಪೂರ್ತಿ ಏರಿಸಿಟ್ಟಿದ್ದರೆ ಮುದ್ರಣವೆಲ್ಲ ಕಪ್ಪಾಗಿಯೇ ಬರುತ್ತದೆ. ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾದ ನಡುವೆ ಇಳಿಸಿ, ಮಾಪಕದಿಂದ ಕ್ಯಾಲಿಬ್ರೇಟ್ ಮಾಡಿ. ಕಾಗದದ ತಯಾರಕರು ನಿಮ್ಮ ಯಂತ್ರಕ್ಕೇ ಕೊಟ್ಟ ಐಸಿಸಿ ಪ್ರೊಫೈಲನ್ನು (ಆ ಕಾಗದದ ಮೇಲೆ ಬಣ್ಣ ಹೇಗೆ ಬರುತ್ತದೆಂದು ತಿಳಿಸುವ ಕಡತ) ಫೋಟೊಶಾಪಿನಲ್ಲಿ ಆರಿಸಿದ ಮೇಲೆ ಪ್ರಿಂಟರ್ ಡ್ರೈವರಿನ ಬಣ್ಣ ತಿದ್ದುವಿಕೆಯನ್ನು ಬಂದ್ ಮಾಡಿ. ಎರಡೂ ಕಡೆ ತಿದ್ದಿದರೆ ವಧುವಿನ ಮುಖ ದಾಸವಾಳದ ಬಣ್ಣಕ್ಕೆ ತಿರುಗುತ್ತದೆ. ಇದನ್ನು ನಾನು ಬರೆಯುತ್ತಿರುವುದು ಅನುಭವದಿಂದ.

ಇನ್ನೊಂದು. ಹೊಳಪಿನ ಆರ್‌ಸಿ (ಪ್ಲಾಸ್ಟಿಕ್ ಲೇಪದ) ಕಾಗದದ ಮೇಲೆ ಮುದ್ರಿಸಿ ಅದೇ ಸಂಜೆ ಗಾಜಿನ ಕಟ್ಟು ಹಾಕಿಸಬೇಡಿ. ಕೈಗೆ ಒಣಗಿದೆಯೆನ್ನಿಸಿದರೂ ಇಂಕಿನೊಳಗಿನ ಗ್ಲೈಕಾಲ್ ದಿನಗಟ್ಟಲೆ ನಿಧಾನಕ್ಕೆ ಆವಿಯಾಗುತ್ತದೆ. ಗೃಹಪ್ರವೇಶಕ್ಕೆಂದು ಕೊಟ್ಟ ಒಂದು ಚಿತ್ರದಲ್ಲಿ ವಾರದೊಳಗೆ ಗಾಜಿನ ಒಳಮೈಗೆ ಚಿತ್ರದ ಆಕಾರದಲ್ಲೇ ಮಂಜು ಕಟ್ಟಿತ್ತು. ಕಟ್ಟು ಬಿಚ್ಚಿ ಒರೆಸಿಕೊಡಬೇಕಾಯಿತು. ಕನಿಷ್ಠ ಒಂದು ದಿನ, ಮಳೆಗಾಲದಲ್ಲಿ ಅದಕ್ಕೂ ಹೆಚ್ಚು, ಮೇಲೆ ಸಾದಾ ಕಾಗದ ಹಾಸಿ ಬಿಡಿ. ಕಟ್ಟಿನೊಳಗೆ ಮೌಂಟ್ ಬೋರ್ಡ್ ಇಟ್ಟು ಗಾಜಿಗೆ ಚಿತ್ರ ತಾಗದಂತೆ ನೋಡಿಕೊಳ್ಳಿ. ನಮ್ಮ ಕಡೆ ಗಾಜಿಗಂಟಿದ ಚಿತ್ರ ಮತ್ತೆ ಬಿಡಿಸಲು ಬಾರದು.

ಪ್ರಶ್ನೆ ಕೇಳಿದವರಿಂದ, ಹತ್ತು ದಿನಗಳ ಅನಂತರ

ಎಲ್ಲರಿಗೂ ಋಣಿ. ಅಕ್ಕೋರೇ, ನೀವು ಹೇಳಿದ ಸುಣ್ಣದ ಬಿಳಿಯ ಮಾತು ಓದಿದ ಮೇಲೆ ನನ್ನಲ್ಲಿದ್ದ ಮೂರು ಮಾದರಿ ಕಾಗದಗಳನ್ನು ಬಾಗಿಲಲ್ಲಿ ಹಿಡಿದು ನೋಡಿದೆ. ಅತ್ಯುತ್ತಮವೆಂದು ನಾನು ಎಣಿಸಿದ್ದೇ ಎಲ್ಲಕ್ಕಿಂತ ನೀಲಿಯಾಗಿತ್ತು.

ಒಂದು ಹೈಗ್ರೋಮೀಟರ್ ತಂದು ಹಿಂದಿನ ಡಾರ್ಕ್‌ರೂಮಿನಲ್ಲಿ ತೂಗುಹಾಕಿದ್ದೇನೆ. ಬೆಳಿಗ್ಗೆ 91, ಮಧ್ಯಾಹ್ನ ಮಳೆ ಹೊಳವಾದಾಗ 82, ರಾತ್ರಿ ಮತ್ತೆ 90. ಎ.ಸಿ. ಇದ್ದ ಮುಂಗೋಣೆಯಲ್ಲಿ ಸಂಜೆ 66ಕ್ಕೆ ಇಳಿದದ್ದು ಬೆಳಗಾಗುವುದರೊಳಗೆ 88 ಆಗಿತ್ತು, ಶಿರಸಿಯವರು ಹೇಳಿದ ಹಿಗ್ಗು ಕುಗ್ಗು ಅಂಕಿಯಲ್ಲೇ ಕಂಡಿತು. ಡಾರ್ಕ್‌ರೂಮಿಗೆ ಕಿಟಕಿಯಿಲ್ಲ, ಮೇಲೆ ಕಾಂಕ್ರೀಟ್ ಇದೆ. ಅದನ್ನೇ ಸಿದ್ಧಪಡಿಸಬಹುದೆಂದು ತೋರುತ್ತದೆ. 44 ಇಂಚಿನ ಆಸೆ ಬಿಟ್ಟಿದ್ದೇನೆ. ಕುಮಟೆಯವರ ಆಕಳಿನ ಮಾತು ಮಾತ್ರ ಇನ್ನೂ ಕೊರೆಯುತ್ತಿದೆ. ಹೋಮ್‌ಸ್ಟೇಗಳ ಕೆಲಸ ನವೆಂಬರಿನಿಂದ ಮೇವರೆಗೆ ಬರುತ್ತದೆ. ಯಂತ್ರಕ್ಕೆ ಅತಿ ಹೆಚ್ಚು ಆರೈಕೆ ಬೇಕಾದ ತಿಂಗಳುಗಳಲ್ಲೇ ಗಳಿಕೆ ಶೂನ್ಯ. ಆಗ ಏನು ಮುದ್ರಿಸುತ್ತೀರಿ? ಒಂದು ಸಣ್ಣ ಸಂದೇಹ: ಒಬ್ಬ ಗಿರಾಕಿ ‘ಜಿಕ್ಲೇ ಪ್ರಿಂಟ್’ ಎಂದು ಬರೆದ ಪ್ರಮಾಣಪತ್ರ ಬೇಕೆನ್ನುತ್ತಾರೆ. ಅದು ಬೇರೆ ಯಂತ್ರವೇ?

ಉತ್ತರ: ಶಿರಸಿಯ ಮುದ್ರಕ

ಬೇರೆ ಯಂತ್ರವಲ್ಲ. 1991ರಲ್ಲಿ ಕ್ಯಾಲಿಫೋರ್ನಿಯಾದ ನ್ಯಾಶ್ ಎಡಿಷನ್ಸ್ ಎಂಬ ಮುದ್ರಣಾಲಯದಲ್ಲಿ ಕೆಲಸ ಮಾಡುತ್ತಿದ್ದ ಜಾಕ್ ಡುಗಾನ್, ಇಂಕ್‌ಜೆಟ್ ಎಂದರೆ ಕಲಾವಿದರು ಮೂಗು ಮುರಿಯುತ್ತಾರೆಂದು, ಚಿಮ್ಮುವುದು ಎಂಬ ಅರ್ಥದ ಫ್ರೆಂಚ್ ಪದದಿಂದ ಆ ಹೆಸರು ಕಟ್ಟಿದರು. ಆಗ ಅವರು ಬಳಸುತ್ತಿದ್ದ ಐರಿಸ್ ಯಂತ್ರ ಮುದ್ರಣದ ಕರಡು ನೋಡಲೆಂದು ಮಾಡಿದ್ದು. ಅದರ ಆರಂಭದ ಡೈ ಇಂಕ್‌ಗಳು ಬೇಗ ಮಾಸುತ್ತಿದ್ದವು. ಆದ್ದರಿಂದ ಆ ಪದ ಯಾವ ಬಾಳಿಕೆಗೂ ಆಧಾರವಲ್ಲ. ನಾನು ಪ್ರಮಾಣಪತ್ರದಲ್ಲಿ ಕಾಗದದ ಹೆಸರು ಮತ್ತು ತೂಕ, ಪಿಗ್ಮೆಂಟ್ ಇಂಕಿನ ಹೆಸರು, ಮುದ್ರಿಸಿದ ತಾರೀಖು, ಎಷ್ಟನೆಯ ಪ್ರತಿ ಎಂಬುದನ್ನು ಬರೆಯುತ್ತೇನೆ. ಗಿರಾಕಿ ಬಯಸಿದರೆ ಜಿಕ್ಲೇ ಎಂದೂ ಸೇರಿಸುತ್ತೇನೆ, ಹಣ ಹೆಚ್ಚು ಕೇಳುವುದಿಲ್ಲ.

ಮಳೆಗಾಲದ ಕೆಲಸದ ಬಗ್ಗೆ. ನನ್ನನ್ನು ಉಳಿಸಿದ್ದು ಕಡಲೂ ಅಲ್ಲ, ಯಾಣವೂ ಅಲ್ಲ, ಅಜ್ಜ ಅಜ್ಜಿಯರು. ಈ ಜಿಲ್ಲೆಯ ಪ್ರತಿ ಹಳೆಯ ಮನೆಯ ಜಗುಲಿಯಲ್ಲೂ ಬೂಷ್ಟು ತಿಂದ, ಗಾಜಿಗೆ ಅಂಟಿದ, ಒಂದೇ ಒಂದು ಪ್ರತಿ ಉಳಿದ ಕಪ್ಪುಬಿಳುಪು ಫೋಟೊ ಇರುತ್ತದೆ, ಮತ್ತು ಅದರ ಮೇಲೆ ನಾಲ್ಕು ಊರಿನಲ್ಲಿ ಹಂಚಿಹೋದ ಆರು ಮಕ್ಕಳ ಹಕ್ಕಿರುತ್ತದೆ. ಒಂದು ಫೋಟೊ ತಿದ್ದಿದರೆ ಆರು ಮುದ್ರಣ. ಜನ ಅದನ್ನು ತರುವುದು ಗದ್ದೆ ತೋಟದ ಕೆಲಸ ಮಳೆಗೆ ನಿಂತ ಮೇಲೆ, ಬೇಕೆನ್ನುವುದು ಎಲ್ಲರೂ ಊರಿಗೆ ಬರುವ ಚೌತಿಯೊಳಗೆ. ಅಳತೆ 12ಕ್ಕೆ 16 ಇಂಚು, ಹೆಚ್ಚೆಂದರೆ 16ಕ್ಕೆ 20. 24 ಇಂಚಿನ ರೋಲಿನಲ್ಲಿ 12 ಇಂಚಿನವು ಪಕ್ಕಪಕ್ಕಕ್ಕೆ ಎರಡು ಕೂರುತ್ತವೆ, ಅಂಚಿಗಾಗಿ ಮಾತ್ರ ಅಳತೆಯನ್ನು ಕೂದಲೆಳೆಯಷ್ಟು ಕಿರಿದು ಮಾಡಬೇಕು. ಬೂದು ಇಂಕ್‌ಗಳು ಪ್ರತ್ಯೇಕವಾಗಿರುವ ಈ ಯಂತ್ರಗಳ ನಿಜವಾದ ಬೆಲೆ ತಿಳಿಯುವುದೂ ಅಲ್ಲಿಯೇ. ಹಳೆಯ ಲ್ಯಾಬಿನ ಬಣ್ಣದ ಕಾಗದದಲ್ಲಿ ಅಜ್ಜಿಯ ಬಿಳಿ ಸೀರೆ ತುಸು ಹಸಿರಾಗಿಯೋ ಕೆಂಪಾಗಿಯೋ ಬರುತ್ತಿತ್ತು. ಮ್ಯಾಟ್ ಹತ್ತಿಯ ಕಾಗದದಲ್ಲಿ ಬೂದು ಬೂದಾಗಿಯೇ ಉಳಿಯುತ್ತದೆ. ಮೂಲ ಫೋಟೊ ಗಾಜಿಗೆ ಅಂಟಿದ್ದರೆ ಕೀಳಲು ಹೋಗದೆ ಗಾಜಿನ ಸಮೇತ ಸ್ಕ್ಯಾನ್ ಮಾಡಿ.

ಡಾರ್ಕ್‌ರೂಮಿನ ಬಾಗಿಲಿನ ಅಗಲವನ್ನು ಇವತ್ತೇ ಅಳೆದಿಡಿ. 24 ಇಂಚಿನ ಯಂತ್ರವೂ ಸ್ಟ್ಯಾಂಡ್ ಸಮೇತ ನೂರು ಕಿಲೋದ ಆಸುಪಾಸು ತೂಗುತ್ತದೆ, ಮತ್ತು ರೋಲ್ ಹಾಕಲು, ಕಾಗದ ಹೊರಬರಲು ಮುಂದೆ ಮೂರಡಿ ಬೇಕು. ಕೊಳ್ಳುವುದನ್ನು ಅಕ್ಟೋಬರಿಗೆ ಇಟ್ಟುಕೊಳ್ಳಿ. ಮೊದಲ ಮಳೆಗಾಲ ಬರುವ ಹೊತ್ತಿಗೆ ಯಂತ್ರದ ರೀತಿನೀತಿ ತಿಳಿಯಲು ಏಳೆಂಟು ತಿಂಗಳು ಸಿಗುತ್ತದೆ. ಅಷ್ಟರಲ್ಲಿ ಖಾಲಿ ಕೋಣೆಯಲ್ಲೇ ಡಿಹ್ಯುಮಿಡಿಫೈಯರ್ ಓಡಿಸಿ, ಒಂದು ಹಾಳೆ ಹತ್ತಿಯ ಕಾಗದವನ್ನು ಮೇಜಿನ ಮೇಲೆ ಬಿಟ್ಟಿಡಿ. ಈ ಶ್ರಾವಣದಲ್ಲಿ ಒಂದು ವಾರ ಅದರ ಅಂಚು ಏಳದಿದ್ದರೆ ಕೋಣೆ ಸಿದ್ಧವಾಯಿತೆಂದು ತಿಳಿಯಿರಿ, ಎದ್ದರೆ ಎ.ಸಿ. ಪೈಪಿನ ತೂತನ್ನು ಮೊದಲು ನೋಡಿ.